ಹಿತ್ತಲಿನ ಎಮ್ಮೆ, ಗೇಟಿನ ನಾಯಿ ಮತ್ತು ಪೋಟನಿಯಮ

ಗೃಹ ನಿರ್ಮಾಣ ಸಹಕಾರ ಸಂಘದ ವಾರ್ಷಿಕ ಸಭೆಯ ನೋಟೀಸು ಕೈಗೆ ಬಂದರೆ ಪಳಗಿದ ಸದಸ್ಯರು ಮೊದಲು ಓದುವುದು ಕೊನೆಯ ಸಾಲನ್ನು. ಹಿಂದಿನ ಸಭೆಯ ನಡಾವಳಿ, ಲೆಕ್ಕಪರಿಶೋಧನೆಯ ವರದಿ, ಬರುವ ವರ್ಷದ ಅಂದಾಜು ಪತ್ರಿಕೆ, ಇವೆಲ್ಲ ಕೈ ಎತ್ತಿ ಮುಗಿಸುವ ಬಾಬತ್ತುಗಳು. ಜಗಳವೆಲ್ಲ ಇರುವುದು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರಬಹುದಾದ ಇತರ ವಿಷಯಗಳು’ ಎಂಬಲ್ಲಿ. ನೀರಿನ ಪಾಳಿ, ಗಟಾರು, ಬಾಡಿಗೆದಾರರ ಗಾಡಿ. ಇವುಗಳ ಸಾಲಿಗೆ ಈಚೆಗೆ ತಪ್ಪದೆ ಸೇರಿಕೊಂಡಿರುವುದು ನಾಯಿ. ಚಹಾ ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಒಬ್ಬರು ಎದ್ದು ನಿಲ್ಲುತ್ತಾರೆ: “ಅಧ್ಯಕ್ಷರ, ಆ ನಾಯಿದೊಂದು ಏನಾರ ಠರಾವು ಮಾಡ್ರಿ. ಮುಂಜಾನೆದ್ದು ಬಾಗಲಾ ತಗದ್ರ ಕಟ್ಟಿ ಮ್ಯಾಲ ಅದರದ ದರ್ಶನ!” ಎರಡು ಸಾಲು ಹಿಂದಿನಿಂದ ಉತ್ತರ ಬರುತ್ತದೆ: “ನಿಮ್ಮ ಎಮ್ಮಿ ರಸ್ತೆ ತುಂಬ ಹೆಂಡಿ ಹಾಕಿದ್ರ ನಾವೇನರ ಅಂದೇವೇನ್ರಿ, ಮಾಸ್ತರ?”

ಇಂಥ ಮಾತು ಯಾವ ಸಂಘದ ನಡಾವಳಿ ಪುಸ್ತಕಕ್ಕೂ ಇಳಿಯುವುದಿಲ್ಲ. ‘ವಿಷಯವನ್ನು ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದು ಬರೆದು ಕಾರ್ಯದರ್ಶಿ ಪುಟ ತಿರುವುತ್ತಾರೆ. ಆದರೆ ಪ್ರಶ್ನೆಯ ಗಂಟು ಇರುವುದು ಆ ಎರಡನೆಯ ಮಾತಿನಲ್ಲೇ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಇದು ನಾಯಿ ಮತ್ತು ಲಿಫ್ಟಿನ ಜಗಳ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ಊರುಗಳಿಗೆ ಬಂದಾಗ ಅದರೊಳಗೆ ಎಮ್ಮೆ, ಆಡು, ಕೋಳಿ ನುಗ್ಗುತ್ತವೆ. ದೇಶದ ಕೋರ್ಟುಗಳು, ಮಂಡಳಿಗಳು ಬರೆದಿಟ್ಟ ನಕ್ಷೆ ಬಹುಪಾಲು ಮೊದಲನೆಯ ಜಗಳದ್ದು. ಎರಡನೆಯದಕ್ಕೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ನೋಡಬೇಕಾದ ಸಂಗತಿ.

ಶಬ್ದದಲ್ಲೇ ಇರುವ ತೊಡಕು

ಕನ್ನಡ ಶಾಲೆಯ ಪಾಠದಲ್ಲಿ ಪ್ರಾಣಿಗಳು ಎರಡೇ ಬಗೆ: ಕಾಡುಪ್ರಾಣಿ, ಸಾಕುಪ್ರಾಣಿ. ಎರಡನೆಯ ಪಟ್ಟಿಯಲ್ಲಿ ಆಕಳು, ಎಮ್ಮೆ, ಎತ್ತು, ಕುರಿ, ಕೋಳಿ, ನಾಯಿ, ಬೆಕ್ಕು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹಾಲು ಕೊಡುವುದೂ ಸಾಕಿದ್ದೇ, ಬಾಗಿಲು ಕಾಯುವುದೂ ಸಾಕಿದ್ದೇ, ಯಾವ ಕೆಲಸವೂ ಇಲ್ಲದೆ ತೊಡೆಯ ಮೇಲೆ ಮಲಗುವುದೂ ಸಾಕಿದ್ದೇ. ‘ಪೆಟ್’ ಎಂಬ ಇಂಗ್ಲಿಷ್ ಮಾತು ಹಿಡಿಯುವುದು ಈ ಕೊನೆಯದನ್ನು ಮಾತ್ರ. ದೊಡ್ಡ ಊರಿನ ಅಪಾರ್ಟ್‌ಮೆಂಟಿನ ನಿಯಮಾವಳಿಯನ್ನು ಮೊಬೈಲಿನಲ್ಲಿ ತರಿಸಿಕೊಂಡು, ‘ಬಡಾವಣೆಯಲ್ಲಿ ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳತಕ್ಕದ್ದಲ್ಲ’ ಎಂದು ಒಂದು ಸಾಲು ಕನ್ನಡಿಸಿ ಸೇರಿಸಿದರೆ ಪಾಮೆರೇನಿಯನ್ ಜತೆಗೆ ನಿವೃತ್ತ ಮಾಸ್ತರರ ಮುರ್ರಾ ಎಮ್ಮೆಯೂ ಬಲೆಗೆ ಬೀಳುತ್ತದೆ. ಬರೆದವರಿಗೆ ಅದು ಬೇಕಿತ್ತೋ ಇಲ್ಲವೋ, ಬರೆದಾಗಿದೆ.

ಅದಕ್ಕೇ ಕೆಲವರು ‘ಮುದ್ದುಪ್ರಾಣಿ’ ಎಂಬ ಪದ ಬಳಸತೊಡಗಿದ್ದಾರೆ. ಅದೂ ಪೂರ್ತಿ ಹೊಂದುವುದಿಲ್ಲ. ಹೊಲದ ಮನೆ ಕಾಯುವ ನಾಯಿಯನ್ನು ಯಾರೂ ಮುದ್ದಿಗಾಗಿ ಸಾಕಿರುವುದಿಲ್ಲ. ಹೆಸರಿಟ್ಟು ಕರೆಯುವ ಆಕಳನ್ನು ಬರೀ ಹಾಲಿಗಾಗಿ ಕಟ್ಟಿರುತ್ತಾರೆ ಎಂದರೂ ಸುಳ್ಳಾಗುತ್ತದೆ.

ಕಲ್ಲಿನಲ್ಲಿ ಕೆತ್ತಿದ ನಾಯಿ

ನಾಯಿಯ ವಿಷಯದಲ್ಲಿ ಕನ್ನಡಿಗರು ನಿಯಮ ಬರೆದದ್ದು ಇದೇ ಮೊದಲಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಏನು ಬೇಕೆಂದು ಗಂಗರ ಬೂತುಗ ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವ ಗೊರವನಿಗೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಎಚ್ಚರಿಕೆಯನ್ನೂ ಕೆತ್ತಿಸಿದರು. ನಾಯಿಯ ಸಲುವಾಗಿ ಮನುಷ್ಯನಿಗೆ ದಂಡ ವಿಧಿಸಿದ ಕನ್ನಡದ ಹಳೆಯ ಪೋಟನಿಯಮ, ಅಂದರೆ ಬೈಲಾ, ಎಂದು ಇದನ್ನು ಕರೆದರೆ ಶಾಸನತಜ್ಞರು ಮುನಿಸಿಕೊಳ್ಳಬಾರದು.

ಮೈಲಾರಲಿಂಗನ ಗೊರವರು ಇಂದಿಗೂ ದೇವರ ಮುಂದೆ ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ್ದನ್ನು ಉಣ್ಣುತ್ತಾರೆ. ಬೆಳಗಾವಿ ಜಿಲ್ಲೆಯಲ್ಲೇ ಮಂಗಸೂಳಿಯ ಖಂಡೋಬನ ಗುಡಿಯಿದೆ. ಆ ದೇವರ ಜತೆಗೆ ನಾಯಿ ಇದ್ದೇ ಇರುತ್ತದೆ. ಇತ್ತ ರಾಮದುರ್ಗದಿಂದ ಲೋಕಾಪುರ ದಾಟಿದರೆ ಮುಧೋಳ. ಅಲ್ಲಿನ ಘೋರ್ಪಡೆ ದೊರೆ ಮಾಲೋಜಿರಾವ್ ಮುಧೋಳ ಬೇಟೆನಾಯಿಗಳ ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟಿದ್ದ. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂತು, 2016ರಲ್ಲಿ ಈ ನಾಯಿಗಳು ಮೇರಠದ ಸೇನಾ ಕೇಂದ್ರದಲ್ಲಿ ತರಬೇತಿಗೆ ಸೇರಿದವು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ಉದ್ದ ಕಾಲು, ಸೆಳೆದ ಹೊಟ್ಟೆ, ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ಚಾಳಿ; ಇದು ಹೊಲದ ನಾಯಿ. ಈಗ ಅದೇ ಮುಧೋಳ ಮರಿ ಮೂವತ್ತು-ನಲವತ್ತರ ಪ್ಲಾಟಿನ ಕಂಪೌಂಡಿನೊಳಗೆ ಬೆಳೆಯುತ್ತಿದೆ. ಗೇಟು ತೆರೆದ ಗಳಿಗೆಯಲ್ಲಿ ಅದು ಸಂಘದ ಸಮಸ್ಯೆಯಾಗುತ್ತದೆ.

ದನದ ಕತೆ ಬೇರೆ. ಅದಕ್ಕೆ ನಾಯಿಗಿಂತ ಮೊದಲೇ ಸರ್ಕಾರಿ ನಿಯಮ ಇತ್ತು. 1871ರ ದನಗಳ ಅತಿಕ್ರಮಣ ಕಾಯ್ದೆಯ ಕೂಸಾದ ಕೊಂಡವಾಡವನ್ನು ಈ ಸೀಮೆಯ ಹಿರಿಯರು ಮರೆತಿಲ್ಲ. ಬೇರೆಯವರ ಹೊಲಕ್ಕೆ ಬಾಯಿ ಹಾಕಿದ ದನವನ್ನು ಅಲ್ಲಿಗೆ ಅಟ್ಟಿದರೆ, ದಂಡ ಮತ್ತು ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ದನ ಸಾಕಬಾರದು ಎಂದು ಆ ಕಾಯ್ದೆ ಎಲ್ಲೂ ಹೇಳಲಿಲ್ಲ. ಅಡ್ಡಾಡಿ ಹಾಳು ಮಾಡಿದ್ದಕ್ಕೆ ಒಡೆಯ ತೆರಬೇಕು, ಅಷ್ಟೇ. ಈಗಿನ ಅನೇಕ ಸಂಘಗಳ ನಿಯಮಗಳಿಗಿಂತ ಅದರ ತರ್ಕ ನೆಟ್ಟಗಿತ್ತು.

ಸಂಘ, ಪ್ಲಾಟು ಮತ್ತು ಬೈಲಾ

ಸಹಕಾರದ ವಿಷಯದಲ್ಲಿ ಈ ಭಾಗಕ್ಕೆ ಹೆಮ್ಮೆ ಪಡಲು ಕಾರಣವಿದೆ. 1905ರಲ್ಲಿ ಆಗಿನ ಧಾರವಾಡ ಜಿಲ್ಲೆಯ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದು. ವಸತಿಗಾಗಿ ಸಹಕಾರ ಎಂಬುದಕ್ಕೂ ಕನ್ನಡದ ನಂಟಿದೆ: 1909ರಲ್ಲಿ ಬೆಂಗಳೂರಿನಲ್ಲಿ ಕಟ್ಟಡ ಸಹಕಾರ ಸಂಘ ಹುಟ್ಟಿತು, 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘವನ್ನು ಕಟ್ಟಿದ ಶ್ರೀಪಾದ ಸುಬ್ಬರಾವ್ ತಾಳಮಕಿ ಕೆನರಾ ಮೂಲದ ಸಾರಸ್ವತರು.

ಆದರೆ ಗಾಮದೇವಿಯ ಮಾದರಿ ಬೇರೆ, ಬೈಲಹೊಂಗಲದ್ದು ಬೇರೆ. ಮುಂಬಯಿಯಲ್ಲಿ ಕಟ್ಟಡವೇ ಸಂಘದ್ದು. ಮೆಟ್ಟಿಲು, ಅಂಗಳ, ತಾರಸಿ ಎಲ್ಲ ಕೂಡು ಸ್ವತ್ತು. ಇತ್ತ ತಾಲ್ಲೂಕು ಊರುಗಳಲ್ಲಿ ಗೃಹ ನಿರ್ಮಾಣ ಸಂಘವೆಂದರೆ ಬಹುಮಟ್ಟಿಗೆ ಎನ್‌ಎ (ಕೃಷಿಯೇತರ) ಆದ ಹೊಲ. ಶಿಕ್ಷಕರೋ ನೌಕರರೋ ಸೇರಿ ಜಮೀನು ಕೊಂಡು, ಪ್ಲಾಟು ಹಾಕಿ, ಸದಸ್ಯರ ಹೆಸರಿಗೆ ಖರೀದಿ ಪತ್ರ ಮಾಡಿಕೊಡುತ್ತಾರೆ. ಮನೆ ಅವರವರದು. ರಸ್ತೆ ಮತ್ತು ಉದ್ಯಾನದ ಜಾಗ ಕಾನೂನಿನ ಪ್ರಕಾರ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಹಸ್ತಾಂತರವಾಗಬೇಕು. ಅದಾದ ಮೇಲೆ ಸಂಘದ ಕೈಯಲ್ಲಿ ಉಳಿಯುವುದು ಒಂದು ಕಮಾನು, ಒಂದು ನಾಮಫಲಕ, ಕೆಲವೆಡೆ ಗಣಪತಿ ಗುಡಿಯ ಕಟ್ಟೆ. ಇಷ್ಟರ ಬಲದ ಮೇಲೆ ‘ರಸ್ತೆಯಲ್ಲಿ ನಾಯಿ ತರಬಾರದು’ ಎಂದು ಸಂಘ ಹೇಳಬಹುದೇ? ಮುಂಬಯಿ, ಕೊಚ್ಚಿ, ಬೆಂಗಳೂರಿನ ವಾದಗಳನ್ನು ಇಲ್ಲಿಗೆ ತರುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಇನ್ನು ಬೈಲಾ. ಮುಂಬಯಿ ಪ್ರಾಂತದ ಕಾಲದಿಂದ ಈ ಕಡೆ ಅದಕ್ಕೆ ‘ಪೋಟನಿಯಮ’ ಎಂಬ ಹೆಸರು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 12ನೇ ಕಲಮಿನಂತೆ ಪೋಟನಿಯಮದ ತಿದ್ದುಪಡಿ ನಿಬಂಧಕರಲ್ಲಿ ನೋಂದಣಿಯಾಗುವ ತನಕ ಊರ್ಜಿತವಲ್ಲ. ಅಂದರೆ ಸರ್ವಸದಸ್ಯರ ಸಭೆಯಲ್ಲಿ ಠರಾವು ಪಾಸಾಗಿ, ಚಪ್ಪಾಳೆ ಬಿದ್ದು, ನೋಟೀಸು ಬೋರ್ಡಿಗೆ ಹಚ್ಚಿದ ಮಾತ್ರಕ್ಕೆ ಅದು ಪೋಟನಿಯಮ ಆಗಲಿಲ್ಲ. ಕಾಗದ ಇಲಾಖೆಗೆ ಹೋಗಿ, ಕಾಯ್ದೆಗೆ ವಿರುದ್ಧವಿಲ್ಲ ಎಂದು ಖಾತ್ರಿಯಾಗಿ, ಮೊಹರು ಬೀಳಬೇಕು. ಸದಸ್ಯ ಮತ್ತು ಸಂಘದ ನಡುವಿನ ತಕರಾರು 70ನೇ ಕಲಮಿನಡಿ ನಿಬಂಧಕರ ಮುಂದೆ ಹೋಗುತ್ತದೆ. ನಾಯಿಯ ಜಗಳದಲ್ಲಿ ದಂಡ ಹಾಕಿದ ಆಡಳಿತ ಮಂಡಳಿಗೆ ಅಲ್ಲಿ ಮೊದಲು ಎದುರಾಗುವ ಪ್ರಶ್ನೆ ‘ನಾಯಿ ಕಚ್ಚಿತೇ’ ಎಂಬುದಲ್ಲ, ‘ನಿಮ್ಮ ತಿದ್ದುಪಡಿ ನೋಂದಣಿಯಾಗಿದೆಯೇ’ ಎಂಬುದು.

ಒಪ್ಪಿ ಸೇರಿದ ಮೇಲೆ ಒಪ್ಪಿದಂತೆ ಇರಬೇಕು ಎನ್ನುವವರು

ಮೊದಲ ಪಂಥದವರಿಗೆ ಸಂಘವೆಂದರೆ ಕರಾರು. ಸದಸ್ಯರಾಗುವಾಗ ಪೋಟನಿಯಮಕ್ಕೆ ಸಹಿ ಹಾಕಿದ್ದೀರಿ; ಈಗ ತಕರಾರು ಏಕೆ? ಇದು ಬರೀ ಮೊಂಡುವಾದವಲ್ಲ. ಸಹಕಾರ ಸಂಘದ ಪೋಟನಿಯಮ ಶಾಸನವಲ್ಲ, ಕಂಪನಿಯ ಒಳನಿಯಮದಂತೆ ಸದಸ್ಯರನ್ನು ಕಟ್ಟುವ ಕರಾರು ಎಂದು ಸುಪ್ರೀಂ ಕೋರ್ಟು 1969ರಲ್ಲೇ ಆಂಧ್ರಪ್ರದೇಶದ ಸಹಕಾರಿ ಬ್ಯಾಂಕುಗಳ ಮೊಕದ್ದಮೆಯಲ್ಲಿ ಹೇಳಿತು. 2005ರಲ್ಲಿ ಅಹಮದಾಬಾದಿನ ಪಾರ್ಸಿ ವಸತಿ ಸಂಘದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂಬ ಪೋಟನಿಯಮವನ್ನೂ ಎತ್ತಿಹಿಡಿಯಿತು. ಮನುಷ್ಯರನ್ನೇ ಆಯ್ದುಕೊಳ್ಳುವ ಹಕ್ಕಿದ್ದರೆ ನಾಯಿಯನ್ನು ಬೇಡ ಎನ್ನುವ ಹಕ್ಕು ಇಲ್ಲವೇ?

ಈ ವಾದದ ಹಿಂದೆ ಬಾಯಿಬಿಟ್ಟು ಹೇಳದ ಒಂದು ಸಂಗತಿ ಬಹಳ ಸಲ ಇರುತ್ತದೆ: ಆಹಾರ. ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳು ಹೆಚ್ಚಿರುವ ಓಣಿಯಲ್ಲಿ ನಾಯಿಯ ಬಗ್ಗೆ ಗೊಣಗುವವರು ಅರ್ಧ ಗೊಣಗುವುದು ಅದಕ್ಕೆ ಹಾಕುವ ಮಾಂಸದ ತುಣುಕಿನ ಬಗ್ಗೆ. ಅದೇ ಓಣಿಯಲ್ಲಿ ಜೋಳದ ರೊಟ್ಟಿ, ಮಜ್ಜಿಗೆ ಉಂಡು ಬೆಳೆಯುವ ನಾಯಿಯ ಬಗ್ಗೆ ಯಾರಿಗೂ ದೂರಿರುವುದಿಲ್ಲ. ಕರಾರಿನ ಭಾಷೆಗೆ ಇದನ್ನು ಹೇಳಲು ಬರುವುದಿಲ್ಲ. ‘ನೈರ್ಮಲ್ಯ’ ಎಂಬ ಪದದ ಹಿಂದೆ ಅದು ಅಡಗಿ ಕೂರುತ್ತದೆ.

ನಿಷೇಧವೇ ಅಕ್ರಮ ಎನ್ನುವವರು

ಎದುರು ಪಂಥ ಸಂವಿಧಾನದಿಂದ ಶುರು ಮಾಡುತ್ತದೆ. 1976ರ 42ನೇ ತಿದ್ದುಪಡಿಯಿಂದ ಬಂದ 51ಎ(ಜಿ) ವಿಧಿ ಜೀವಿಗಳ ಬಗ್ಗೆ ಕರುಣೆ ತೋರುವುದನ್ನು ನಾಗರಿಕನ ಕರ್ತವ್ಯವೆಂದಿದೆ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯ ಒತ್ತಾಸೆಯಿಂದ ಹುಟ್ಟಿದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದನ್ನು ಅಪರಾಧವೆಂದಿದೆ. ಸಂಘ ನಾಯಿಯನ್ನು ಹೊರಹಾಕಿಸಿದರೆ ಒಡೆಯನನ್ನು ಆ ಅಪರಾಧಕ್ಕೆ ನೂಕಿದಂತೆಯೇ. (ಆ ಕಾಯ್ದೆಯ ದಂಡ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ. 1960ರ ಆ 50 ರೂಪಾಯಿಗೆ ಈಗ ಬೈಲಹೊಂಗಲದಲ್ಲಿ ನಾಲ್ಕು ಮಂದಿ ಚಹಾ ಕುಡಿಯಬಹುದು.)

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಪಂಥದ ಕೈಪಿಡಿ. ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಲಿಫ್ಟು, ಉದ್ಯಾನ ತಡೆಯುವಂತಿಲ್ಲ. ನಾಯಿಗಾಗಿ ಪ್ರತ್ಯೇಕ ಶುಲ್ಕ ವಸೂಲು ಮಾಡುವಂತಿಲ್ಲ. ನಾಯಿ ಬೊಗಳುತ್ತದೆ ಎಂಬುದೇ ನಿಷೇಧಕ್ಕೆ ಕಾರಣವಾಗದು. ಒಡೆಯರಿಗೂ ಅದು ಮಾತು ಹೇಳಿದೆ: ಹಗ್ಗ ಹಿಡಿದುಕೊಂಡೇ ಹೊರಗೆ ತನ್ನಿ, ಮಾಡಿದ್ದನ್ನು ಎತ್ತಿ ಹಾಕಿ, ಲಸಿಕೆ ತಪ್ಪಿಸಬೇಡಿ. 2021ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟು ಇದಕ್ಕೆ ನ್ಯಾಯಾಂಗದ ಬಲ ಕೊಟ್ಟಿತು. ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳಲೇಬಾರದು ಎಂಬ ಪೋಟನಿಯಮ ಅಥವಾ ಕರಾರು ಅಸಿಂಧು, ಸಂಘಗಳು ಹಾಗೆ ಫಲಕ ಹಚ್ಚಬಾರದು, ಆದರೆ ಸಮಂಜಸ ಷರತ್ತು ಹಾಕಬಹುದು ಎಂದಿತು.

ಕರಾರಿನವರು ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಎತ್ತುತ್ತಾರೆ. ಕೇರಳದ ತೀರ್ಪು ಕರ್ನಾಟಕದ ನಿಬಂಧಕರಿಗೆ ದಾರಿ ತೋರಬಹುದು, ಕಟ್ಟಿಹಾಕುವುದಿಲ್ಲ. ಮಂಡಳಿಯ ಮಾರ್ಗಸೂಚಿಗೆ ಶಾಸನದ ಬಲವಿಲ್ಲ. ಹಾಗಿದ್ದರೂ ಈ ಲೇಖನದ ಮಟ್ಟಿಗೆ ಹೇಳುವುದಾದರೆ, ಪೂರ್ತಿ ನಿಷೇಧದ ಕಾಲ ಮುಗಿದಿದೆ. ಅಂಥ ತಿದ್ದುಪಡಿಯನ್ನು ಇಂದು ನೋಂದಣಿಗೆ ಒಯ್ಯುವ ಸಂಘ ತನ್ನ ವಕೀಲರ ಫೀಸಿಗೆ ತಾನೇ ದಾರಿ ಮಾಡಿಕೊಡುತ್ತದೆ.

ತಳಿ ಎಣಿಸುವವರು, ತಲೆ ಎಣಿಸುವವರು

ಮೂರನೆಯ ಪಂಥ ಆಡಳಿತದ್ದು. ಇವರಿಗೆ ಪಟ್ಟಿ ಬೇಕು, ಸಂಖ್ಯೆ ಬೇಕು. 2018ರಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆ ಫ್ಲಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು ಎಂದು ಮಿತಿ ಹಾಕಿ, ಸಾಕಬಹುದಾದ ತಳಿಗಳ ಪಟ್ಟಿಯನ್ನೂ ಕೊಟ್ಟಿತು. ಗಲಾಟೆ ಎದ್ದು ಅದನ್ನು ತಡೆಹಿಡಿಯಬೇಕಾಯಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ‘ಉಗ್ರ’ ಎಂದು ಕರೆದು ನಿಷೇಧಕ್ಕೆ ಸೂಚಿಸಿದಾಗ, ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು ಆ ಸುತ್ತೋಲೆಯನ್ನೇ ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆ ಇಂಥ ನಿರ್ಧಾರ ಸಲ್ಲದು ಎಂಬುದು ಅದರ ಮುಖ್ಯ ಆಕ್ಷೇಪ.

ಎಣಿಕೆ ಸುಲಭ, ಅದರ ಆಕರ್ಷಣೆಯೂ ಅಲ್ಲೇ. ತಳಿಯ ಹೆಸರು ನೋಡಿದರೆ ಸಾಕು, ನಾಯಿಯನ್ನು ನೋಡಬೇಕಾಗಿಲ್ಲ. ಆದರೆ ಮುಧೋಳ ಮತ್ತು ಬೀದಿನಾಯಿಯ ಮಿಶ್ರ ಮರಿಗಳೇ ತುಂಬಿರುವ ಸೀಮೆಯಲ್ಲಿ ತಳಿ ನಿರ್ಧರಿಸುವವರು ಯಾರು?

ನಡತೆ ನೋಡಿ ಎನ್ನುವವರು

ಕೊಂಡವಾಡದ ತರ್ಕಕ್ಕೆ ಮರಳುವ ಪಂಥ ಇದು. ಪ್ರಾಣಿ ಯಾವುದೇ ಇರಲಿ, ಅದರಿಂದ ಪಕ್ಕದವರಿಗೆ ಏನಾಯಿತು ಎಂಬುದಷ್ಟೇ ಲೆಕ್ಕ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ, ತನ್ನ ಸ್ವಾಧೀನದ ಪ್ರಾಣಿಯಿಂದ ಜೀವಾಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗಿನ ಸಜೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ಹೇಳುತ್ತದೆ. ಹಳೆಯ ದಂಡಸಂಹಿತೆಯಲ್ಲಿ ದಂಡದ ಮಿತಿ 1,000 ಇತ್ತು. ಆ ಕಲಂ ‘ನಾಯಿ’ ಎನ್ನುವುದಿಲ್ಲ, ‘ಪ್ರಾಣಿ’ ಎನ್ನುತ್ತದೆ. ಹಾಯುವ ಹೋರಿಗೂ ಅದೇ, ಕಚ್ಚುವ ನಾಯಿಗೂ ಅದೇ.

ತಾಲ್ಲೂಕು ಊರುಗಳ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬರುವುದು ಈ ಪಂಥವೇ. ಒಂದು ಮುಂಜಾನೆಯನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಹಿತ್ತಲಿನ ಗೋದಲಿಯಲ್ಲಿ ಎಮ್ಮೆ ಹಿಂಡಿ ಆದ ಮೇಲೆ ಕೊಟ್ಟಿಗೆ ತೊಳೆಯುತ್ತಾರೆ. ಗಂಜಲ ಬೆರೆತ ನೀರು ಮೋರಿಯಿಂದ ಹೊರಬಿದ್ದು, ಬಡಾವಣೆಯ ತೆರೆದ ಗಟಾರು ಹಿಡಿದು, ಇಳಿಜಾರಿನ ಮೂರನೆಯ ಮನೆಯ ಮುಂದೆ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಯಾರೋ ಸ್ಕೂಟರ್ ಹತ್ತಿಸಲು ಗಟಾರಿನ ಮೇಲೆ ಫರಸಿ ಹಾಸಿದ್ದಾರೆ. ಸೊಳ್ಳೆ ಹುಟ್ಟುವುದು ಆ ಫರಸಿಯ ಕೆಳಗೆ; ಬೈಗುಳ ತಿನ್ನುವುದು ಎಮ್ಮೆ. ‘ಎಮ್ಮೆ ಕಟ್ಟಬಾರದು’ ಎಂಬ ನಿಯಮ ಒಂದು ಮನೆಯ ಹಾಲನ್ನೂ ಆದಾಯವನ್ನೂ ಕಿತ್ತುಕೊಂಡು ಗಟಾರನ್ನು ಹಾಗೇ ಬಿಡುತ್ತದೆ. ‘ಕೊಟ್ಟಿಗೆಯ ನೀರು ಇಂಗುಗುಂಡಿಗೆ ಹೋಗಬೇಕು, ಗಟಾರಿನ ಮೇಲಿನ ಕಲ್ಲು ಎತ್ತುವಂತಿರಬೇಕು, ತಿಪ್ಪೆ ಪಕ್ಕದವರ ಗೋಡೆಯಿಂದ ದೂರವಿರಬೇಕು’ ಎಂಬ ನಿಯಮ ಇಬ್ಬರಿಗೂ ಬಿಸಿ ಮುಟ್ಟಿಸುತ್ತದೆ. ನಾಯಿಗೂ ಹಾಗೆಯೇ: ವರ್ಷಕ್ಕೊಮ್ಮೆ ರೇಬಿಸ್ ಲಸಿಕೆಯ ಚೀಟಿ, ರಸ್ತೆಗೆ ಬಂದಾಗ ಕೈಯಲ್ಲಿ ಹಗ್ಗ, ಜತೆಗೆ ಎತ್ತಿ ಹಾಕಲು ಒಂದು ಕಾಗದದ ಚೀಲ.

ಈ ಪಂಥದ ದೌರ್ಬಲ್ಯವೂ ಇಲ್ಲೇ ಇದೆ. ನಡತೆ ನೋಡಲು ನೋಡುವವರು ಬೇಕು. ಸಂಬಳವಿಲ್ಲದ ಕಾರ್ಯದರ್ಶಿ, ಅದೂ ಅದೇ ಓಣಿಯ ಬೀಗರ ಪೈಕಿಯವರು, ಮುಂಜಾನೆ ಆರಕ್ಕೆ ಕೊಟ್ಟಿಗೆ ತಪಾಸಣೆ ಮಾಡುತ್ತಾರೆಯೇ?

ಹೊರಗಿನವರು ಹೇಗೆ ದಾಟಿದರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಮೂರು ಬೆಕ್ಕುಗಳ ಮೊಕದ್ದಮೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮನೆಯೊಳಗೇ ಇರುವ, ಸದ್ದು ಮಾಡದ ಬೆಕ್ಕುಗಳಾದರೂ ದಾಖಲಾದ ನಿಷೇಧವೇ ಗೆದ್ದಿತು. ಶಾಸನಸಭೆಗೆ ಅದು ಸರಿಕಾಣಲಿಲ್ಲ. 2001ರಿಂದ ಕನಿಷ್ಠ ಒಂದು ಸಾಕುಪ್ರಾಣಿಗೆ ಅವಕಾಶ ಕೊಡಲೇಬೇಕೆಂಬ ಕಾನೂನು ಬಂತು. ಸಿಡ್ನಿಯ ಬಹುಮಹಡಿ ಕಟ್ಟಡವೊಂದರ ಆಂಗಸ್ ಎಂಬ ಪುಟ್ಟ ಷ್ನೌಜರ್ ನಾಯಿ 2020ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು: ಯಾರಿಗೂ ತೊಂದರೆ ಕೊಡದ ಪ್ರಾಣಿಯನ್ನೂ ಸೇರಿಸಿ ಸಾರಾಸಗಟು ನಿಷೇಧಿಸುವುದು ದಬ್ಬಾಳಿಕೆ ಎಂದಿತು ಆ ತೀರ್ಪು. ಸಿಂಗಪುರದ ಸರ್ಕಾರಿ ಫ್ಲಾಟುಗಳಲ್ಲಿ ದಶಕಗಳ ಕಾಲ ಬೆಕ್ಕಿಗೆ ಪ್ರವೇಶವಿರಲಿಲ್ಲ. ಜನ ಕದ್ದು ಸಾಕುತ್ತಲೇ ಇದ್ದರು. 2024ರ ಸೆಪ್ಟೆಂಬರ್ 1ರಿಂದ ಮನೆಗೆ ಎರಡರಂತೆ, ಪರವಾನಗಿಯೊಂದಿಗೆ, ಬಿಟ್ಟಿದ್ದಾರೆ.

ಇವೆಲ್ಲಕ್ಕಿಂತ ನಮ್ಮ ಸಂಘಗಳಿಗೆ ಹತ್ತಿರವಾದದ್ದು ನ್ಯೂಯಾರ್ಕ್ ನಗರದ 1983ರ ನಿಯಮ. ಪ್ರಾಣಿಯನ್ನು ಮುಚ್ಚುಮರೆಯಿಲ್ಲದೆ ಮೂರು ತಿಂಗಳು ಸಾಕಿ, ಅಷ್ಟರೊಳಗೆ ಮಾಲೀಕರು ಕೋರ್ಟಿಗೆ ಹೋಗದಿದ್ದರೆ ಕರಾರಿನಲ್ಲಿದ್ದ ನಿಷೇಧ ಬಿದ್ದುಹೋಗುತ್ತದೆ. ಸಹಕಾರಿ ಕಟ್ಟಡಗಳಿಗೂ ಇದು ಅನ್ವಯ. ಹತ್ತು ವರ್ಷ ಸುಮ್ಮನಿದ್ದು, ಚುನಾವಣೆಯಲ್ಲಿ ಎದುರು ಪ್ಯಾನೆಲ್‌ಗೆ ಮತ ಹಾಕಿದರೆಂದು ಹನ್ನೊಂದನೇ ವರ್ಷ ನಾಯಿಯ ನೋಟೀಸು ಕೊಡುವ ಚಾಳಿಗೆ ಅಂಥ ಕಾಲಮಿತಿ ಒಳ್ಳೆಯ ಮೂಗುದಾರ. ಕರ್ನಾಟಕದ ಸಹಕಾರ ಕಾಯ್ದೆಯಲ್ಲಿ ಅಂಥದ್ದಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ರಸ್ತೆ. ಹಸ್ತಾಂತರವಾದ ಬಡಾವಣೆಯ ರಸ್ತೆಯಲ್ಲಿ ಸಂಘದ ಪೋಟನಿಯಮ ನಡೆಯುವುದೇ ಎಂಬುದಕ್ಕೆ ಕಾಗದದ ಮೇಲೆ ಉತ್ತರ ‘ಇಲ್ಲ’ ಎಂಬಂತಿದೆ. ಆದರೆ ಬಹಳ ಬಡಾವಣೆಗಳು ಅರ್ಧ ಹಸ್ತಾಂತರವಾಗಿ ನಿಂತಿರುತ್ತವೆ: ಬೀದಿದೀಪ ಪುರಸಭೆಯದು, ಕಸ ಸಂಘದ್ದು, ಉದ್ಯಾನ ಯಾರದೂ ಅಲ್ಲ. ಎರಡನೆಯದು ಬಾಡಿಗೆದಾರರು. ಅವರು ಸಂಘದ ಸದಸ್ಯರಲ್ಲ, ಪೋಟನಿಯಮಕ್ಕೆ ಸಹಿ ಹಾಕಿದವರೂ ಅಲ್ಲ. ನಾಯಿ ಅವರದ್ದಾದರೆ ನೋಟೀಸು ಹೋಗುವುದು ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುವ ಮನೆಯ ಒಡೆಯರಿಗೆ. ಮೂರನೆಯದು ದನ. ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ನಾಯಿಯ ಕುರಿತದ್ದು, ಕೇರಳದ ತೀರ್ಪು ಹುಟ್ಟಿದ್ದೂ ಫ್ಲಾಟಿನೊಳಗಿನ ಸಾಕುಪ್ರಾಣಿಗಳ ಜಗಳದಲ್ಲಿ. ವಸತಿ ಉದ್ದೇಶಕ್ಕೆಂದು ಎನ್‌ಎ ಆದ ಪ್ಲಾಟಿನಲ್ಲಿ ಮನೆಬಳಕೆಗೆ ಒಂದು ಎಮ್ಮೆ ಕಟ್ಟುವುದು ವಸತಿಯೋ, ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕಿದರೆ ಅದು ವ್ಯಾಪಾರವೋ? ಈ ಗೆರೆಯನ್ನು ಸಂಘವೇ ಎಳೆಯಬೇಕೋ ಪುರಸಭೆಯೋ ಎಂಬುದೂ ತೀರ್ಮಾನವಾಗಿಲ್ಲ.

ಕೊನೆಯದು, ಮತ್ತು ಎಲ್ಲಕ್ಕಿಂತ ಬಿಸಿಯಾದದ್ದು, ಯಾರದೂ ಅಲ್ಲದ ನಾಯಿ. 2023ರ ಮಾರ್ಚ್ 10ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳನ್ನು ‘ಸಮುದಾಯ ಪ್ರಾಣಿ’ ಎಂದು ಕರೆದು, ಮಕ್ಕಳು ಆಡುವ ಜಾಗ, ಓಡಾಡುವ ಬಾಗಿಲುಗಳಿಂದ ದೂರದಲ್ಲಿ ಅವುಗಳಿಗೆ ಅನ್ನ ಹಾಕುವ ಜಾಗ ಗೊತ್ತುಮಾಡುವ ಕೆಲಸವನ್ನು ನಿವಾಸಿಗಳ ಸಂಘಕ್ಕೇ ಹೊರಿಸಿದವು. 2025ರ ಆಗಸ್ಟ್ 11ರಂದು ದಿಲ್ಲಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸಾಗಿಸಲು ಹೇಳಿದ ಸುಪ್ರೀಂ ಕೋರ್ಟು, 22ರಂದು ಅದನ್ನು ಬದಲಿಸಿ, ರೇಬಿಸ್ ತಗಲಿದ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಸಂತಾನಶಕ್ತಿಹರಣ, ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಲು ಹೇಳಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಅವುಗಳನ್ನು ತೆಗೆಯಲು ಆದೇಶಿಸಿತು. ಬಡಾವಣೆಯ ಕಮಾನು ಶಾಲೆಯೂ ಅಲ್ಲ, ಬಸ್ ನಿಲ್ದಾಣವೂ ಅಲ್ಲ. ಅದರ ಕೆಳಗೆ ಮಲಗುವ ಕಂದು ನಾಯಿಗೆ ಮೂರು ಮನೆಯವರು ಪಾಳಿಯ ಮೇಲೆ ರೊಟ್ಟಿ ಹಾಕುತ್ತಾರೆ, ಒಬ್ಬರು ಹೆಸರಿಟ್ಟು ಕರೆಯುತ್ತಾರೆ, ನಾಲ್ಕನೆಯವರು ಲಸಿಕೆಗೆ ದುಡ್ಡು ಕೊಟ್ಟಿದ್ದಾರೆ. ಅದು ಹಾಲು ತರಲು ಹೊರಟ ಹುಡುಗನ ಕಾಲಿಗೆ ಬಾಯಿ ಹಾಕಿದ ದಿನ, 291ನೇ ಕಲಮಿನಲ್ಲಿ ಬರುವ ‘ಸ್ವಾಧೀನ’ ಎಂಬ ಪದ ಈ ನಾಲ್ವರಲ್ಲಿ ಯಾರ ಮನೆಯ ಬಾಗಿಲು ತಟ್ಟುತ್ತದೆ, ಅಥವಾ ಯಾರದ್ದನ್ನೂ ತಟ್ಟದೆ ಪುರಸಭೆಯ ಕಡೆ ಹೋಗುತ್ತದೆ ಎಂಬುದು ಇನ್ನೂ ವಾದದಲ್ಲೇ ಇದೆ.